ಅಂಬುಜತ್ತೆಯ ಬಿಕ್ಕಳಿಕೆ

ನಮ್ಮೂರಲ್ಲಿ ಯಾವುದೂ ತಾನಾಗಿ ಸೆಟ್ ಆಗುವುದಿಲ್ಲ. ಯಾರಾದರೂ ಬಾಯಿ ತೆರೆದು ‘ಸೆಟ್’ ಅನ್ನಬೇಕು. ಹಾಲು ಮೊಸರಾಗಬೇಕಾದರೂ ಅನ್ನಬೇಕು, ಸಿಮೆಂಟು ಗಟ್ಟಿಯಾಗಬೇಕಾದರೂ ಅನ್ನಬೇಕು, ಅಲಾರಂ ಬೆಳಿಗ್ಗೆ ಬಡಿದುಕೊಳ್ಳಬೇಕಾದರೂ ಅನ್ನಬೇಕು. ಹಾಗಂತ ದಾರಿಯಲ್ಲಿ ಹೋಗುವವರೆಲ್ಲ ಅಂದರೆ ಆಗುವುದಿಲ್ಲ. ಆ ಪದದ ಒಂದೊಂದು ಅರ್ಥವೂ ಒಂದೊಂದು ಮನೆತನದ ಆಸ್ತಿ. ಮೊಸರಿನ ಸೆಟ್ ನಮ್ಮ ಪಕ್ಕದ ಮನೆಯ ಮಾಳಮ್ಮನದು. ಸಂಜೆ ಆಕೆ ಹಿತ್ತಿಲ ಬಾಗಿಲಲ್ಲಿ ನಿಂತು, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಒಂದು ಸಲ ಅಂದರೆ ಸಾಕು, ಊರಿನ ಅಷ್ಟೂ ಮನೆಗಳಲ್ಲಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾಗುವುದರೊಳಗೆ ಚಾಕುವಿನಲ್ಲಿ ಕೊಯ್ಯುವ ಹಾಗಾಗಿರುತ್ತದೆ. ಹೋಟೆಲಿನ ಭಟ್ಟರು ಅನ್ನದಿದ್ದರೆ ತಟ್ಟೆಯಲ್ಲಿರುವ ಮೂರು ದೋಸೆಗಳು ಒಂದರ ಮುಖ ಒಂದು ನೋಡದೆ ಬಸ್ಸಿನಲ್ಲಿ ಒಂದೇ ಸೀಟಿಗೆ ಬಿದ್ದ ಅಪರಿಚಿತರ ಹಾಗೆ ಕೂತಿರುತ್ತವೆ. ಭಟ್ಟರು ಅಂದಮೇಲೆ ಅವು ಸೆಟ್ ದೋಸೆ. ಬ್ಯಾಂಡಿನವರ ವಿಷಯ ಹೇಳಲೇಬಾರದು. ಅವರ ಯಜಮಾನ ಅನ್ನುವುದನ್ನು ಮರೆತ ದಿನ ಡೋಲು ಒಂದು ಮದುವೆಗೆ ಹೋದರೆ ಕ್ಲಾರಿನೆಟ್ಟು ಇನ್ನೊಂದು ಮದುವೆಗೆ ಹೋಗಿತ್ತು.

ಎಲ್ಲಕ್ಕಿಂತ ಭಾರದ ಅರ್ಥ ಬಿದ್ದಿರುವುದು ನಿವೃತ್ತ ಹೆಡ್‌ಮೇಷ್ಟ್ರು ಫಾಲಾಕ್ಷಯ್ಯನವರ ಪಾಲಿಗೆ. ಅವರದು ಸೂರ್ಯನ ಸೆಟ್. ಸಂಜೆ ಕೆರೆಯ ಏರಿ ಹತ್ತಿ, ಪಡುವಣಕ್ಕೆ ಮುಖ ಮಾಡಿ, ತರಗತಿಯಲ್ಲಿ ಹುಡುಗರನ್ನು ಕೂರಿಸುತ್ತಿದ್ದ ಅದೇ ದನಿಯಲ್ಲಿ ಅನ್ನುತ್ತಾರೆ. ಸೂರ್ಯ ಕೂರುತ್ತಾನೆ. ಒಮ್ಮೆ ಮಧ್ಯಾಹ್ನ ಹೋಳಿಗೆ ಊಟ ಮಾಡಿ ಮಲಗಿದವರಿಗೆ ಎಚ್ಚರವೇ ಆಗಲಿಲ್ಲ. ಬಿಸಿಲು ಇದ್ದಲ್ಲೇ ನಿಂತಿತು. ಕೋಳಿಗಳು ಗೂಡಿಗೆ ಹೋಗಿ, ಏನೋ ಎಡವಟ್ಟಾಗಿದೆ ಎಂದು ಮತ್ತೆ ಹೊರಗೆ ಬಂದವು. ಫಸ್ಟ್ ಶೋ ಸಿನಿಮಾಕ್ಕೆ ಹೋದವರು ಇದಿನ್ನೂ ಮ್ಯಾಟಿನಿ ಎಂದು ಟಾಕೀಸಿನವನ ಜತೆ ವಾದಕ್ಕೆ ನಿಂತರು. ಅವತ್ತಿನಿಂದ ಮೇಷ್ಟ್ರ ಮನೆಯಲ್ಲಿ ಹೋಳಿಗೆ ಏನಿದ್ದರೂ ರಾತ್ರಿಗೆ.

ನಾನು ಬಿ.ಎ. ಓದಲು ಸೇತುವೆಯಾಚೆಯ ಕಾಲೇಜಿಗೆ ಹೋದಾಗ ಇಂಗ್ಲಿಷ್ ಮೇಡಂ ಈ ಪದವನ್ನು ಬೋರ್ಡಿನ ಮೇಲೆ ಬರೆದು, ನಿಘಂಟಿನಲ್ಲಿ ಇದೊಂದಕ್ಕೇ ಪುಟಗಟ್ಟಲೆ ಅರ್ಥ ಇದೆ ಎಂದು ನಮ್ಮನ್ನು ಬೆರಗುಗೊಳಿಸಲು ನೋಡಿದರು. ನಾನು ಎದ್ದು ನಿಂತು, “ಪುಟಗಟ್ಟಲೆ ಅಲ್ಲ ಮೇಡಂ, ಬೀದಿಗಟ್ಟಲೆ” ಅಂದೆ. ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ನಿಂತು ಉಳಿದ ಪಾಠವನ್ನು ಅವರದೇ ದನಿಯಲ್ಲಿ ನಾನೇ ಮುಗಿಸಿದೆ. ಪಕ್ಕದ ತರಗತಿಯವರು ನೋಟ್ಸ್ ಬರೆದುಕೊಂಡರು.

ಹೌದು, ಇನ್ನೊಬ್ಬರ ದನಿ ತೆಗೆಯುವುದು ನನ್ನ ಕಸುಬಲ್ಲದ ಕಸುಬು. ಆದರೆ ನಮ್ಮೂರಿನಲ್ಲಿ ಆ ವಿದ್ಯೆಗೆ ಕಾಸಿನ ಕಿಮ್ಮತ್ತಿಲ್ಲ. ಒಂದು ಸಲ ಶೀತ ಆಗಿ ಗಂಟಲು ಕಟ್ಟಿದ ಮಾಳಮ್ಮ ನನ್ನನ್ನು ಹಿತ್ತಿಲಿಗೆ ಕರೆಸಿ, “ನನ್ ದನಿ ತಗುದು ಒಂದ್ ದಪ ಅನ್ನವ್ವ, ನಿಂಗೆ ಪುಣ್ಯ ಬತ್ತದೆ” ಅಂದಿದ್ದಳು. ನಾನು ಎಲೆಅಡಿಕೆ ಉಗಿಯುವ ಸದ್ದಿನ ಸಮೇತ ಅಂದೆ. ಮಾಳಮ್ಮನ ಗಂಡನೇ ಒಳಗಿನಿಂದ “ಏನ್ಲೇ, ಗಂಟ್ಲು ಬುಡ್ತಾ?” ಅಂತ ಕೇಳಿದ. ಆದರೆ ಬೆಳಿಗ್ಗೆ ನೋಡಿದರೆ ಯಾರ ಮನೆಯಲ್ಲೂ ಮೊಸರಿಲ್ಲ; ಹಾಲು ಮುನಿಸಿಕೊಂಡು ಹುಳಿಯಾಗಿತ್ತು, ಅಷ್ಟೇ. ಆ ಪದಕ್ಕೆ ಬೇಕಾದದ್ದು ನಾಲಿಗೆ, ದನಿಯಲ್ಲ ಎಂದು ಅವತ್ತು ಊರಿಗೆಲ್ಲ ಖಾತ್ರಿಯಾಯಿತು. ನಾಲಿಗೆ ಎಂದರೆ ವಂಶದ ನಾಲಿಗೆ. ಹಿರಿಯರು ತಮ್ಮವರಲ್ಲೇ ಒಬ್ಬರ ಬಾಯಿಗೆ ಬೆಲ್ಲ ಹಾಕಿ ಅರ್ಥವನ್ನು ದಾಟಿಸುತ್ತಾರೆ. ದಾಟಿಸಿದ ಮೇಲೆ ಕೊಟ್ಟವರ ಬಾಯಲ್ಲಿ ಅದು ಬರೀ ಒಂದು ಶಬ್ದ.

ನಮ್ಮ ಮನೆಯದು ಮದುವೆಯ ಸೆಟ್. ಅಜ್ಜಿಯಿಂದ ಅಪ್ಪನಿಗೆ ಬರಬೇಕಿತ್ತಂತೆ. ಅಪ್ಪ ಸೇತುವೆಯಾಚೆ ಕೆಲಸ ಸಿಕ್ಕಿ, ಅಮ್ಮನನ್ನೂ ಕರೆದುಕೊಂಡು ಹೋಗಿ, ಯಾರ ಬಾಯಿಯ ಹಂಗೂ ಇಲ್ಲದೆ ಅಲ್ಲೇ ಸೆಟಲ್ ಆಗಿಬಿಟ್ಟರು. ಹಾಗಾಗಿ ಬೆಲ್ಲ ಅಪ್ಪನ ತಂಗಿಯ ಬಾಯಿಗೆ ಬಿತ್ತು. ಅವರೇ ಅಂಬುಜತ್ತೆ. ನನ್ನನ್ನು ನಾಲ್ಕನೇ ಕ್ಲಾಸಿನಿಂದ ತಮ್ಮ ಬಳಿ ಇಟ್ಟುಕೊಂಡು ಬೆಳೆಸಿದವರು.

ಎರಡು ಮನೆಯವರು ಮಾತಾಡಿ ಮುಗಿಸಿ, ಹುಡುಗ ಹುಡುಗಿ ಇಬ್ಬರೂ ಹೂಂ ಅಂದಮೇಲೆ ಅತ್ತೆಗೆ ಹೇಳಿ ಕಳಿಸುತ್ತಾರೆ. ಅತ್ತೆ ರೇಷ್ಮೆ ಸೀರೆ ಉಟ್ಟು ಹೋಗಿ, ಹಾಕಿದ ಮಣೆಯ ಮೇಲೆ ಕೂತು, ಇಬ್ಬರ ಮುಖವನ್ನೂ ಸಮಾಧಾನವಾಗಿ ನೋಡಿ, ‘ಸೆಟ್’ ಅನ್ನುತ್ತಾರೆ. ಆಗ ಗಂಡಿಗೂ ಹೆಣ್ಣಿಗೂ ಒಂದೇ ಸಲ ಬಿಕ್ಕಳಿಕೆ ಬರುತ್ತದೆ. ಬಂತೆಂದರೆ ಆಯಿತು, ತಾಳಿ, ಊಟ ಎಲ್ಲ ಆಮೇಲಿನ ಅಲಂಕಾರ. ಬಾರದೆ ಹೋದರೆ? ಅತ್ತೆಗೆ ಹೇಳದೆ ಊರಾಚೆ ಹೋಗಿ ಹಾರ ಬದಲಾಯಿಸಿಕೊಂಡು ಬಂದ ಜೋಡಿಯೊಂದಿತ್ತು. ಸೇತುವೆ ದಾಟಿ ಈಚೆ ಬಂದದ್ದೇ ತಡ, ಬೆಳಗಾದರೆ ಆಕೆ ಎದ್ದು, “ತಾವು ಯಾರು, ಈ ಕಡೆ ಬಂದದ್ದು?” ಅನ್ನುವುದು, ಆತ ಹೊದಿಕೆ ಎಳೆದುಕೊಂಡು, “ಅದನ್ನೇ ನಾನೂ ಕೇಳೋಣ ಅಂತಿದ್ದೆ” ಅನ್ನುವುದು. ಸಂಜೆಯ ಹೊತ್ತಿಗೆ ಪರಿಚಯ ಬೆಳೆದು ಪ್ರೀತಿ ಆಗುತ್ತಿತ್ತು. ಬೆಳಗಾದರೆ ಮತ್ತೆ ಮೊದಲಿನಿಂದ. ಕೊನೆಗೆ ಇಬ್ಬರೂ ಬಂದು ಅತ್ತೆಯ ಕಾಲಿಗೆ ಬಿದ್ದು ಬಿಕ್ಕಳಿಸಿ ಹೋದರು.

ಇಷ್ಟೆಲ್ಲ ಇದ್ದರೂ ಒಂದು ತೊಡಕಿದೆ. ಯಾರ ನಾಲಿಗೆಯೂ ಅವರ ಸ್ವಂತ ಮನೆಗೆ ನಡೆಯುವುದಿಲ್ಲ. ಊರಿಗೆಲ್ಲ ಮೊಸರು ಮಾಡುವ ಮಾಳಮ್ಮ ಬೆಳಗಾದರೆ ನಮ್ಮ ಮನೆಗೆ ಬೋಗುಣಿ ಹಿಡಿದು ಬರುತ್ತಾಳೆ. ಊರೆಲ್ಲ ಕತ್ತಲಾದ ಮೇಲೂ ಮೇಷ್ಟ್ರ ಮನೆಯ ಕಿಟಕಿಯಲ್ಲಿ ಮಾತ್ರ ಸಂಜೆಯ ಬಿಸಿಲು ಬಿದ್ದೇ ಇರುತ್ತದೆ. ಅವರು ಕಿಟಕಿಗೆ ಕಂಬಳಿ ಕಟ್ಟಿಕೊಂಡು ನಿದ್ದೆ ಮಾಡುತ್ತಾರೆ. ಊರಿನ ಜೋಡಿಗಳಿಗೆಲ್ಲ ಬಿಕ್ಕಳಿಕೆ ತರಿಸಿದ ಅಂಬುಜತ್ತೆ ಮಾತ್ರ ಕೂದಲು ನರೆಯುವ ತನಕ ಒಂಟಿಯಾಗಿ ಉಳಿದರು.

ಇನ್ನು ಸಿಮೆಂಟಿನ ಸೆಟ್ ಗಾರೆಯ ಮೇಸ್ತ್ರಿ ತಿಪ್ಪೇರುದ್ರಪ್ಪನವರದು. ಊರಿನ ಗೋಡೆಗಳೆಲ್ಲ ಅವರ ಮಾತಿನ ಮೇಲೆ ನಿಂತಿವೆ. ಅವರ ಮನೆಯ ನೆಲ ಮಾತ್ರ ಹಾಕಿದ ದಿನ ಹೇಗಿತ್ತೋ ಹಾಗೇ ಮೆತ್ತಗೆ, ಪಾಯಸದ ಹದದಲ್ಲಿ. ಹಲಗೆ ಹಾಸಿ, ಹಲಗೆಯಿಂದ ಹಲಗೆಗೆ ಕಾಲಿಟ್ಟು ಓಡಾಡುತ್ತಿದ್ದರು. ಅದೇ ಅಭ್ಯಾಸವಾಗಿ ಬೀದಿಯಲ್ಲೂ ಹಾಗೇ ನಡೆಯುತ್ತಿದ್ದರು, ಕೊಕ್ಕರೆಯ ಹಾಗೆ. ನಮ್ಮ ಜಗಲಿಯ ಅಂಚಿನ ಒಂದು ಇಟ್ಟಿಗೆ ಆಗಾಗ ಸಡಿಲವಾಗುತ್ತಿತ್ತು. ಮೇಸ್ತ್ರಿ ಬಂದು ಕೂಡಿಸುತ್ತಿದ್ದರು, ಅತ್ತೆ ಕಾಫಿ ಕೊಡುತ್ತಿದ್ದರು. ಹೋಗುವಾಗ ಅದೇ ಇಟ್ಟಿಗೆಯನ್ನು ಹಿಮ್ಮಡಿಯಿಂದ ಮೆಲ್ಲಗೆ ಅಲ್ಲಾಡಿಸಿ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ಹೀಗಿರುವಾಗ ಮೇಸ್ತ್ರಿಗೆ ಮಂಡಿನೋವು ಬಂತು. ಜತೆಗಿದ್ದ ಅಣ್ಣನ ಮಗ ಕೊಟ್ರೇಶ ಅದಕ್ಕೆ ಮುಂಚೆಯೇ ರೇಡಿಯೋ ಜೋರು ಮಾಡುವ ವಿಷಯಕ್ಕೆ ಜಗಳ ಆಡಿಕೊಂಡು ಹಿಂದಿನ ಬೀದಿಯಲ್ಲಿ ಬೇರೆ ಒಲೆ ಹೂಡಿದ್ದ. ಮೇಸ್ತ್ರಿ ಅವನನ್ನೇ ಕರೆದು ಬಾಯಿಗೆ ಬೆಲ್ಲ ಹಾಕಿದರು. ಕೊಟ್ರೇಶ ಬೆಲ್ಲ ನುಂಗಿ, ಏನೋ ನೆನಪಾದವನ ಹಾಗೆ ಚಿಕ್ಕಪ್ಪನ ಹೊಸಿಲ ಮೇಲೆ ನಿಂತು, ನೆಲ ನೋಡಿ ‘ಸೆಟ್’ ಅಂದ. ನೆಲ ಕಲ್ಲಾಯಿತು. ಆ ಕ್ಷಣದಲ್ಲಿ ಗಾಬರಿಯಿಂದ ಹಲಗೆ ತಪ್ಪಿ ಇಟ್ಟ ಮೇಸ್ತ್ರಿಯ ಬಲಗಾಲಿನ ಗುರುತು ಈಗಲೂ ನಡುಮನೆಯಲ್ಲಿದೆ. ಒಲೆ ಬೇರೆಯಾದ ಮೇಲೆ ಮನೆಯೂ ಬೇರೆ ತಾನೆ? ಬೇರೆ ಮನೆಯವನ ಮಾತು ನಡೆದುಬಿಟ್ಟಿತ್ತು. ಇಷ್ಟು ದಿನ ಯಾರಿಗೂ ಹೊಳೆಯದೆ ಇದ್ದದ್ದೇ ಆಶ್ಚರ್ಯ.

ಮಾರನೆಯ ದಿನ ಮೇಸ್ತ್ರಿ ಕ್ಷೌರ ಮಾಡಿಸಿಕೊಂಡು ನಮ್ಮ ಜಗಲಿಗೆ ಬಂದರು. ಇಟ್ಟಿಗೆಯ ಕಡೆ ನೋಡಲೂ ಇಲ್ಲ.

“ಅಂಬುಜಮ್ಮಾರೆ, ನೆಲ ಗಟ್ಟಿ ಆತು.”

“ಕೇಳ್ದೆ ಮೇಸ್ತ್ರಿ. ಸಂತೋಷ.”

“ಒಬ್ನೇ ನಡದ್ರೆ ಸದ್ದು ಭಾಳ ಬತ್ತೈತೆ.” ಮೇಸ್ತ್ರಿ ಹೆಗಲ ಮೇಲಿನ ಟವಲನ್ನು ಹಿಂಡಿದರು, ಅದು ಒಣಗಿತ್ತು. “ಇಬ್ರು ನಡದ್ರೆ ಹೆಂಗಿರ್ತೈತೋ ಅಂತ.”

ಅತ್ತೆ ಕಾಫಿ ಲೋಟ ಕೆಳಗಿಟ್ಟರು. “ಅನ್ನೋರು ಯಾರು ಮೇಸ್ತ್ರಿ? ನಾನು ನನಗೇ ಅಂದ್ಕೊಂಡ್ರೆ ನಡೆಯಲ್ಲ. ದಿನಾ ಬೆಳಿಗ್ಗೆ ನಿಮ್ಮನ್ನ ನೋಡಿ ಯಾರಪ್ಪಾ ಇವರು ಅಂತ ಕಿರಿಚಿಕೊಳ್ಳೋ ವಯಸ್ಸೇ ಇದು?” ಅಂದು ಎದ್ದು ಒಳಗೆ ಹೋದರು. ಮೇಸ್ತ್ರಿ ಇಟ್ಟಿಗೆಯನ್ನು ಅಲ್ಲಾಡಿಸದೆ ಹೊರಟರು. ಅದು ನನಗೆ ಬಹಳ ಕೆಟ್ಟದ್ದಾಗಿ ಕಂಡಿತು.

ನಾನು ಅಡುಗೆಮನೆಗೆ ಹೋಗಿ ನೇರವಾಗಿ ಅಂದೆ. “ನನಗೆ ಬೆಲ್ಲ ಹಾಕಿ ಅತ್ತೆ. ಒಲೆ ಬೇರೆ ಮಾಡ್ಕೋತೀನಿ. ಕೊಟ್ರೇಶ ನೆಲಕ್ಕೆ ಅಂದ ಹಾಗೆ ನಾನು ನಿಮಗೆ ಅಂತೀನಿ.”

“ಆಮೇಲೆ ನಿನ್ನ ಮದುವೆಗೆ?”

“ಆಗ ವಾಪಸ್ ನಿಮ್ಮ ಬಾಯಿಗೇ ಬೆಲ್ಲ. ನಿಮ್ಮ ಒಲೆ ಹೇಗೂ ಬೇರೆ ಇರುತ್ತಲ್ಲ.”

ಅತ್ತೆ ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು. “ನಾಲಿಗೆ ಕೊಟ್ಟುಬಿಟ್ರೆ ನಾನು ಯಾರೇ ಕುಮ್ಮಿ? ಇವತ್ತು ಯಾರ ಮನೆಗೆ ಹೋದ್ರೂ ಮೊದಲನೇ ಮಣೆ ನನಗೆ.”

“ಮಣೆ ನಾಳೆಯೂ ಹಾಕ್ತಾರೆ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದ್ರೆ ಬೇಡ ಅಂತೀರಾ?”

ಸಾಸಿವೆ ಸೀದುಹೋಯಿತು. ಅತ್ತೆ ಅದನ್ನು ನೋಡಲಿಲ್ಲ. ಒಪ್ಪಿದರು ಎಂದು ತಿಳಿದುಕೊಂಡೆ.

ಆದರೆ ನಮ್ಮೂರಲ್ಲಿ ಒಲೆ ಬೇರೆ ಮಾಡುವುದು ಸುಲಭವಲ್ಲ. ಜಗಳ ಆಗಬೇಕು. ಜಗಳವಿಲ್ಲದೆ ಬೇರೆಯಾದ ಒಲೆಯನ್ನು ಊರು ಒಪ್ಪುವುದಿಲ್ಲ. ಅದೂ ಅಕ್ಕಪಕ್ಕದವರ ಕಿವಿಗೆ ಬಿದ್ದ ಜಗಳವೇ ಆಗಬೇಕು. ಫಾಲಾಕ್ಷಯ್ಯ ಮೇಷ್ಟ್ರ ಹತ್ತಿರ ರಿಯಾಯಿತಿ ಕೇಳಿ ನೋಡಿದೆ. “ಅತ್ತೆ-ಸೊಸೆ ನಡುವೆ ಜಗಳ ಇಲ್ಲ ಅಂತೀಯಲ್ಲಮ್ಮ, ಇದು ಊರಿನ ಮರ್ಯಾದೆ ಪ್ರಶ್ನೆ. ಒಂದಿಷ್ಟು ಆಡಿ. ಐದೂವರೆ ಒಳಗೆ ಮುಗಿಸಿ, ನನಗೆ ಏರಿ ಮೇಲೆ ಕೆಲಸ ಇದೆ” ಅಂದರು.

ಸುದ್ದಿ ಹರಡಿತು. ಅಂದು ಮಧ್ಯಾಹ್ನ ಮಾಳಮ್ಮ ತನ್ನ ಮನೆಯಿಂದ ಮಣೆ, ಹುರಿಗಡಲೆ ತಂದುಕೊಂಡು ನಮ್ಮ ಗೋಡೆಗೆ ಒರಗಿ ಕೂತಳು. ಬೀದಿಯವರು ಅವಳ ಹಿಂದೆ ಸಾಲಾಗಿ ಕೂತರು. ನಾವು ಬಾಗಿಲು ಹಾಕಿಕೊಂಡು ಶುರು ಮಾಡಿದೆವು.

“ಸಾರಿಗೆ ಉಪ್ಪು ಹೆಚ್ಚಾಗಿದೆ” ಎಂದು ನಾನು ಕೂಗಿದೆ.

“ಹೌದೇನೇ? ತಡಿ, ಒಂಚೂರು ನೀರು ಹಾಕ್ತೀನಿ” ಅಂದರು ಅತ್ತೆ.

ಹೊರಗೆ ಬೇಸರದ ನಿಟ್ಟುಸಿರು ಕೇಳಿಸಿತು. ನಾನು ಅತ್ತೆಯತ್ತ ಕಣ್ಣು ಬಿಟ್ಟೆ. ಅತ್ತೆ ಸೆರಗು ಕಚ್ಚಿಕೊಂಡು ನಗತೊಡಗಿದರು. “ನನಗೆ ಬರಲ್ಲ ಕಣೇ. ನಿನ್ನ ಮುಖ ನೋಡಿದ್ರೆ ನಗು ಬರುತ್ತೆ. ನೀನೇ ಏನಾದ್ರೂ ಮಾಡು.”

ನಾನೇ ಮಾಡಿದೆ. ಅತ್ತೆಯನ್ನು ದೇವರ ಕೋಣೆಯ ಬಾಗಿಲಲ್ಲಿ ಕೂರಿಸಿ, ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಎರಡೂ ಪಾತ್ರ ಹಾಕಿದೆ. ಈ ಗೋಡೆಯ ಹತ್ತಿರ ಹೋಗಿ ಅತ್ತೆಯ ದನಿ, ಆ ಗೋಡೆಗೆ ಬಂದು ನನ್ನ ದನಿ. ಮಧ್ಯೆ ಮಧ್ಯೆ ತಂಬಿಗೆ ಬೀಳಿಸುವುದು. ಕಾಲೇಜಿಗೆ ಕಳಿಸಿದ್ದೇ ತಪ್ಪಾಯಿತು ಎಂದು ಅತ್ತೆಯಾಗಿ ಕೂಗಿದೆ; ಕಳಿಸಿ ಅಂತ ಯಾರು ಗೋಗರೆದರು ಎಂದು ನಾನಾಗಿ ಕೂಗಿದೆ. ಹೊರಗೆ ಹುರಿಗಡಲೆ ಅಗಿಯುವ ಸದ್ದು ನಿಂತಿತು. ಹುರುಪು ಬಂತು. ಅತ್ತೆಯ ದನಿ ತೆಗೆದು, ಅವರು ಸುಸ್ತಾದಾಗ ಎಳೆಯುವ ರಾಗವನ್ನೂ ಸೇರಿಸಿ, “ನಿನ್ನನ್ನ ಸಾಕಿ ಸಾಕಿ ನನ್ನ ಕಾಲ ಕಳೆದುಹೋಯ್ತು. ನೀನೊಬ್ಬಳು ಬಂದು ಬೀಳದೆ ಇದ್ದಿದ್ರೆ ನಾನೂ ಯಾವತ್ತೋ ಎಲ್ಲರ ಹಾಗೆ ಬದುಕ್ತಿದ್ದೆ” ಅಂದೆ.

ದೇವರ ಕೋಣೆಯ ಬಾಗಿಲಲ್ಲಿ ನಗು ನಿಂತುಹೋಯಿತು.

“ನಾನು ಯಾವತ್ತು ಹಾಗಂದೆ?”

“ಅಂದಿಲ್ಲ ಅತ್ತೆ. ಆಟಕ್ಕೆ...”

“ಅಂದಿಲ್ಲ ಅಲ್ವಾ? ಮತ್ತೆ ನನ್ನ ದನಿಯಲ್ಲಿ ಯಾಕೆ ಅಂದೆ?” ಅತ್ತೆ ಎದ್ದು ಬಂದಿದ್ದರು. “ಇಷ್ಟು ವರ್ಷ ಒಳಗೊಳಗೇ ಹೀಗೆ ಅಂದ್ಕೊಂಡೇ ನನ್ನ ಕೈಯ ಅನ್ನ ಉಂಡ್ಯೇನೇ? ನಾನು ಲೆಕ್ಕ ಇಟ್ಕೊಂಡು ಸಾಕಿದೆ ಅಂತ?”

“ಅಂದ್ಕೊಳ್ಳದೆ ಇನ್ನೇನು ಮಾಡಲಿ? ಮೇಸ್ತ್ರಿ ಬಂದು ಕೇಳಿದ್ರೆ ಒಳಗೆ ಎದ್ದು ಹೋಗ್ತೀರ. ನನಗೋಸ್ಕರ ಅಲ್ಲದೆ ಯಾರಿಗೋಸ್ಕರ?”

“ನನಗೋಸ್ಕರ ಕಣೇ! ನನಗೆ ಹೆದರಿಕೆ ಆಯ್ತು, ಎದ್ದು ಹೋದೆ. ನನ್ನ ಹೆದರಿಕೆಗೂ ನೀನೇ ಯಜಮಾನಿಯೇನು? ಊರಿನವರ ಬಾಯೆಲ್ಲ ನಿನ್ನ ಹತ್ರ ಇದೆಯಲ್ಲ, ನನ್ನದೊಂದನ್ನ ನನಗೆ ಬಿಡು. ಹೋಗು, ನಿನ್ನ ಒಲೆ ನೀನು ಹೂಡ್ಕೋ.”

ಆಮೇಲೆ ಬಾಗಿಲು ಬಡಿದುಕೊಂಡಿತು. ಅದು ನಾನು ಮಾಡಿದ ಸದ್ದಲ್ಲ. ಹೊರಗೆ ಬಂದರೆ ಬೀದಿಯವರೆಲ್ಲ ತಲೆ ತಗ್ಗಿಸಿಕೊಂಡು ಮಣೆ ಎತ್ತಿಕೊಳ್ಳುತ್ತಿದ್ದರು. ಮಾಳಮ್ಮ ಮಾತ್ರ ನನ್ನ ಪಕ್ಕಕ್ಕೆ ಬಂದು, ಉಳಿದ ಹುರಿಗಡಲೆಯನ್ನು ನನ್ನ ಕೈಗೆ ಸುರಿದು, “ಮೊದಲ್ನೇದು ನಾಟ್ಕ, ಗೊತ್ತಾಯ್ತು. ಕೊನೇದು ಅಸಲಿ ಕಣವ್ವ. ಇನ್ನ ಒಲೆ ಹೂಡು, ಯಾರೂ ಕೇಳಕಿಲ್ಲ” ಅಂದಳು.

ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿದೆ. ನನಗೆ ಬಾರದ ಒಂದೇ ದನಿ ಎಂದರೆ ಅಡುಗೆಯದು; ಅನ್ನ ಯಾವಾಗ ಸಾಕು ಅನ್ನುತ್ತದೆ, ಬೇಳೆ ಯಾವಾಗ ಬೇಡ ಅನ್ನುತ್ತದೆ, ನನಗೆ ಕೇಳಿಸುವುದೇ ಇಲ್ಲ. ಸೀದ ಅನ್ನ, ನೀರು ಮಜ್ಜಿಗೆ. ಒಳಗೆ ಅತ್ತೆ ಪಾತ್ರೆಗಳನ್ನು ಬೇಕಂತಲೇ ಜೋರಾಗಿ ಇಡುತ್ತಿದ್ದರು. ಮಾತಿಲ್ಲ. ಆ ಸಲದ ಮೌನ ನಿಜಕ್ಕೂ ಗಟ್ಟಿಯಾಗಿತ್ತು, ಯಾರೂ ಏನೂ ಅನ್ನದೆಯೇ. ಒಂದು ಮಧ್ಯಾಹ್ನ ನಾನು ನಲ್ಲಿಯಿಂದ ಬರುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಸ್ಟೀಲಿನ ಬೋಗುಣಿ ಮುಚ್ಚಿಟ್ಟಿತ್ತು. ತೆಗೆದರೆ ನುಗ್ಗೆಕಾಯಿ ಹುಳಿ. ಹಬೆಯಾಡುತ್ತಿತ್ತು. ಕೂಗಿ ಏನಾದರೂ ಅನ್ನಬೇಕೆನಿಸಿತು, ಯಾರ ದನಿಯೂ ನೆನಪಿಗೆ ಬರಲಿಲ್ಲ. ಉಂಡೆ. ಬೋಗುಣಿ ತೊಳೆದು, ಅಭ್ಯಾಸಬಲದಿಂದ ಒಳಗೆ ಹೋಗಿ, ಅಡುಗೆಮನೆಯ ಗೂಡಿನಲ್ಲಿ ಅದರ ಜಾಗದಲ್ಲಿ ಕವುಚಿಟ್ಟು ಬಂದೆ. ಅತ್ತೆ ನೋಡಿದರು. ನಾನೂ ನೋಡಿದೆ. “ನಾಡಿದ್ದು ಒಳ್ಳೇ ದಿನ ಇದೆ. ಬೆಲ್ಲ ತರಿಸಿದ್ದೀನಿ” ಅಂದರು. ಅಷ್ಟರಿಂದಲೇ ನಮ್ಮ ರಾಜಿಯಾಯಿತು.

ಆ ದಿನ ನಮ್ಮ ನಡುಮನೆ ತುಂಬಿಹೋಯಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲಗೆಯ ನಡಿಗೆಯಲ್ಲೇ ಬಂದು ಮಣೆಯ ಮೇಲೆ ಕೂತರು. ಪಕ್ಕದ ಮಣೆಯ ಮೇಲೆ ಅತ್ತೆ. ಇನ್ನೊಬ್ಬರ ಮದುವೆಗಳಿಗೆ ಉಟ್ಟುಟ್ಟು ನವೆದಿದ್ದ ಅದೇ ರೇಷ್ಮೆ ಸೀರೆ. ಅತ್ತೆ ನನ್ನ ಬಾಯಿಗೆ ಬೆಲ್ಲ ಹಾಕಿದರು. ಹಾಕಿದ ಕೈ ಒಂದು ಕ್ಷಣ ನನ್ನ ಗಲ್ಲದ ಮೇಲೆ ನಿಂತಿತು. ನಾನು ಎದ್ದು ನಿಂತೆ. ಯಾವ ದನಿಯಲ್ಲಿ ಅನ್ನುವುದು? ಅತ್ತೆಯದನ್ನು ತೆಗೆಯಬಾರದು, ಬೈಸಿಕೊಂಡಾಗಿದೆ. ಮೇಷ್ಟ್ರದು ತೆಗೆದರೆ ಸೂರ್ಯ ಗಾಬರಿಯಾದಾನು. ಹುಡುಕುತ್ತ ಹುಡುಕುತ್ತ ಬಾಯಿ ತೆರೆದರೆ ಸಣ್ಣದೊಂದು ಪೀಚು ದನಿ ಹೊರಗೆ ಬಂತು.

“ಸೆಟ್.”

“ಇದ್ಯಾರ್ದೇ?” ಎಂದು ಮಾಳಮ್ಮ ಪಿಸುಗುಟ್ಟಿದಳು.

“ನಂದೇ ಇರಬೇಕು” ಅಂದೆ.

ಅಷ್ಟರಲ್ಲಿ ಮೇಸ್ತ್ರಿಗೆ ಬಿಕ್ಕಳಿಕೆ ಬಂತು. ಎಂಥ ಬಿಕ್ಕಳಿಕೆ! ತಲೆಯ ಮೇಲಿನ ಪೇಟ ಕೂತಲ್ಲೇ ಎದ್ದು ಕೂತಿತು. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದವರು ಅತ್ತೆಯ ಕಡೆ ನೋಡಿ ಹಾಗೇ ನಿಂತರು. ಅತ್ತೆ ಗಂಟಲಿಗೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಏನೂ ಬರಲಿಲ್ಲ. ಬಿಕ್ಕಳಿಕೆಯನ್ನು ಕರೆಯುವವರ ಹಾಗೆ ಎಂಜಲು ನುಂಗಿದರು. ಬರಲಿಲ್ಲ. ಇದು ಊರು ಕಂಡಿರದ ಸಂಗತಿ. ಒಂದೇ ಕಡೆ ಸೆಟ್ ಆದ ಮದುವೆ! ಇನ್ನು ಮೇಸ್ತ್ರಿಗೆ ದಿನಾ ಬೆಳಿಗ್ಗೆ ಹೆಂಡತಿಯ ಗುರುತಿರುತ್ತದೆ, ಅತ್ತೆಗೆ ಗಂಡ ಯಾರೆಂದೇ ಗೊತ್ತಿರುವುದಿಲ್ಲ.

ಮಾಳಮ್ಮ ನನ್ನ ಕಡೆ ತಿರುಗಿದಳು. “ಒಲೆ ಎಲ್ಡಾಗಿಲ್ಲ. ಮೊನ್ನೆ ಏನ್ ಉಂಡೆ?”

“ಅನ್ನ... ನುಗ್ಗೆಕಾಯಿ ಹುಳಿ.”

“ನಿನ್ ಕೈಯಾಗೆ? ನುಗ್ಗೇಕಾಯುಳಿ?”

ಇಡೀ ನಡುಮನೆ ನಕ್ಕಿತು. ಅತ್ತೆ ತಲೆ ತಗ್ಗಿಸಿದರು. “ಮಗು ಸೀದಿದ್ದನ್ನ ತಿಂತಿತ್ತು ಕಣ್ರೀ. ಕಿಟಕಿಯಿಂದ ನೋಡ್ಕೊಂಡು ಸುಮ್ಮನಿರೋಕೆ ಆಗುತ್ತಾ?”

“ಅಯ್ಯೋ ಕೊಟ್ರೆ ಕೊಡ್ರವ್ವ, ನಾನೇನ್ ನಿಮ್ಮನೇಲಿ ದಿನಾ ಮೊಸರು ಇಸ್ಕಳಕಿಲ್ವಾ? ಬೋಗುಣಿ ಏನ್ ಮಾಡ್ದೆ ಅದ ಯೋಳು.”

“ತೊಳೆದು ಗೂಡಲ್ಲಿ ಇಟ್ಟೆ.”

“ಬರೀದು?”

“ಬರೀದು.”

ನಡುಮನೆಯಲ್ಲಿ ‘ಛೆ’ ಎನ್ನುವ ಸದ್ದು ಹರಿದಾಡಿತು. ನನಗೂ ಆಗ ಹೊಳೆಯಿತು. ಮಾಳಮ್ಮ ದಿನಾ ಮೊಸರು ಒಯ್ಯುವ ಬೋಗುಣಿ ಮಾರನೆಯ ದಿನ ಎರಡು ಬದನೆಕಾಯನ್ನೋ ಹಿಡಿ ಸೊಪ್ಪನ್ನೋ ಹೊತ್ತು ಬರುತ್ತದೆ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಕೊಡುವವರು ಯಾರಿದ್ದಾರೆ? ಖಾಲಿ ಪಾತ್ರೆಯನ್ನು ತೊಳೆದು ಗೂಡಿಗಿಡುವುದು ಮನೆಯವರು ಮಾತ್ರ. ಬೀದಿಗೆಲ್ಲ ಕೇಳುವ ಹಾಗೆ ಮಾಡಿದ ಜಗಳವನ್ನು ನಾನು ಒಂದು ತೊಳೆದ ಬೋಗುಣಿಯಿಂದ ಒರೆಸಿಹಾಕಿದ್ದೆ.

ಆಗ ಮೇಸ್ತ್ರಿ ಟವಲು ಸರಿಮಾಡಿಕೊಂಡು ಮೆಲ್ಲಗೆ ಅಂದರು. “ಆಗದಿದ್ರೆ ಬ್ಯಾಡ ಬುಡ್ರಿ. ಹುಡ್ಗೀನ ಬೈಬ್ಯಾಡ್ರಿ. ನಂಗಂತೂ ಗುರ್ತಿರ್ತೈತಲ್ಲ. ದಿನಾ ಬೆಳಗ್ಗೆ ನಾನೇ ಯೋಳ್ತೀನಿ. ಅಮ್ಮಾರೆ, ನಾನು ತಿಪ್ಪೇರುದ್ರ, ಗಾರೆ ಕೆಲ್ಸ, ನಿಮ್ಮ ಯಜಮಾನ, ಹೆದರ್ಬ್ಯಾಡ್ರಿ ಅಂತ. ಕಾಫಿ ಒತ್ತಿಗೆ ನಂಬ್ತಾರೆ.”

ಯಾರೂ ನಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಮಾತ್ರ ಬರಲಿಲ್ಲ.

ನಾನು ಸೀದಾ ಅಡುಗೆಮನೆಗೆ ನುಗ್ಗಿ ಗೂಡಿನಿಂದ ಆ ಬೋಗುಣಿ ಎತ್ತಿಕೊಂಡು ಜಗಲಿಗೆ ಓಡಿದೆ. ನನ್ನ ಒಲೆಯ ಮೇಲೆ ಬೆಳಿಗ್ಗೆ ಮಾಡಿದ ಉ‌ಪ್ಪಿಟ್ಟಿತ್ತು. ಉಪ್ಪಿಟ್ಟು ಎನ್ನುವುದಕ್ಕಿಂತ ಉಪ್ಪೇ ಇಟ್ಟಿದ್ದು ಎನ್ನಬೇಕು. ರವೆ ಹುರಿದದ್ದು ಹೆಚ್ಚಾಗಿ, ಮೆಣಸಿನಕಾಯಿ ಲೆಕ್ಕ ತಪ್ಪಿ, ತಳ ಹಿಡಿದು ಕೂತಿತ್ತು. ಕೆರೆದು ಬೋಗುಣಿ ತುಂಬಿದೆ. ಬಾಗಿಲಿಗೆ ಬಂದು ಹೊಸಿಲಾಚೆ ನಿಂತೆ. ನಾಲ್ಕನೇ ಕ್ಲಾಸಿನಿಂದ ಒಳಗೆ ಹೊರಗೆ ಓಡಾಡಿದ ಬಾಗಿಲನ್ನು ಮೊದಲ ಸಲ ಬೆರಳಿನಿಂದ ಬಡಿದೆ.

“ಅಂಬುಜಮ್ಮನೋರೇ” ಎಂದು ಕೂಗಿದೆ. ಅದೇ ಪೀಚು ದನಿ. “ನಿಮ್ಮ ಬೋಗುಣಿ ನಮ್ಮ ಮನೆಯಲ್ಲಿ ಉಳಿದುಬಿಟ್ಟಿತ್ತು. ಖಾಲಿ ಹೇಗೆ ಕೊಡೋದು ಅಂತ ಒಂಚೂರು ಉಪ್ಪಿಟ್ಟು ಹಾಕಿದ್ದೀನಿ.”

ಅತ್ತೆ ಮಣೆಯಿಂದ ಎದ್ದು ಬಂದರು. ‘ಅಂಬುಜಮ್ಮನೋರೇ’ ಎಂದದ್ದು ಅವರ ಮುಖದ ಮೇಲೆ ಎಲ್ಲೋ ತಗುಲಿದ್ದು ಕಾಣುತ್ತಿತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಬೀಗರನ್ನು ಕರೆಯುವ ದನಿಯಲ್ಲಿ, “ಅಯ್ಯೋ, ಹೊರಗೇ ನಿಂತಿದ್ದೀರಲ್ಲ, ಒಳಗೆ ಬನ್ನಿ” ಅಂದರು. ಅತ್ತೆ ನನ್ನನ್ನು ಬನ್ನಿ ಅಂದದ್ದು ಅವತ್ತೇ ಮೊದಲು. ಬೋಗುಣಿ ಎರಡೂ ಕೈಯಲ್ಲಿ ಇಸಿದುಕೊಂಡರು. ಎಲ್ಲರ ಎದುರಿಗೆ ಒಂದು ತುತ್ತು ಎತ್ತಿ ಬಾಯಿಗಿಟ್ಟು ಅಗಿದರು. ಹುಬ್ಬು ಮೇಲೆ ಹೋಯಿತು. ಕಣ್ಣು ಸಣ್ಣದಾಯಿತು. ನುಂಗಿದರು. “ಚೆನ್ನಾಗಿದೆ” ಅಂದರು. ಪಕ್ಕದ ಮನೆಯವರು ಕೊಟ್ಟದ್ದನ್ನು ಚೆನ್ನಾಗಿಲ್ಲ ಅನ್ನುವುದುಂಟೆ?

“ಸೆಟ್” ಅಂದೆ.

ಅತ್ತೆಯ ಹೆಗಲು ಎಗರಿತು. ಮೇಸ್ತ್ರಿಯ ಪೇಟ ಈ ಸಲ ಪೂರ್ತಿ ಕೆಳಗೆ ಬಿತ್ತು. ಎರಡು ಬಿಕ್ಕಳಿಕೆ, ಒಂದೇ ಸದ್ದು. ಮನೆಯ ಹೆಂಚೆಲ್ಲ ಅಲ್ಲಾಡುವ ಹಾಗೆ ಜನ ಕೂಗಿಕೊಂಡರು. ಮಾಳಮ್ಮ ನನ್ನನ್ನು ತಬ್ಬಿ, ಬೋಗುಣಿಗೆ ಬೆರಳು ಹಾಕಿ ಒಂಚೂರು ನೆಕ್ಕಿ, ತಾನೂ ಬಿಕ್ಕಳಿಸಿದಳು. ಅಲ್ಲಿಗೆ ಊರಿನಲ್ಲಿ ಎರಡು ಪಕ್ಷವಾಯಿತು. ಬಂದದ್ದು ಸೆಟ್ಟಿನ ಬಿಕ್ಕಳಿಕೆ ಎಂದು ಒಂದು ಪಕ್ಷ, ಮೆಣಸಿನಕಾಯಿಯದು ಎಂದು ಇನ್ನೊಂದು. ಫಾಲಾಕ್ಷಯ್ಯ ಮೇಷ್ಟ್ರು ಎರಡೂ ಕಡೆಯ ವಾದ ಕೇಳುತ್ತ ಕೂತದ್ದರಿಂದ ಸೂರ್ಯ ಅರ್ಧ ಗಂಟೆ ತಡವಾಗಿ ಮುಳುಗಿದ. ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ ಎಂದು ಕೊನೆಗೆ ತೀರ್ಮಾನವಾಯಿತು.

ಬೆಳಿಗ್ಗೆ ಊರಿನ ಅರ್ಧ ಜನಕ್ಕೆ ಮೇಸ್ತ್ರಿಯ ಬೀದಿಯಲ್ಲೇ ಕೆಲಸ ಬಿದ್ದಿತ್ತು. ಕೆಲವರು ಅಲ್ಲಿ ಇಲ್ಲದ ನಲ್ಲಿಗೆ ಕೊಡ ಹಿಡಿದು ಬಂದಿದ್ದರು. ನಾನೂ ಗುಂಪಿನ ಹಿಂದೆ ನಿಂತಿದ್ದೆ. ಒಳಗೆ ಮೊದಲು ಕೊಕ್ಕರೆ ನಡಿಗೆಯ ಸದ್ದು ಕೇಳಿಸಿತು, ಟಕ್, ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು ಟಕ್. ಮೇಸ್ತ್ರಿ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು, “ಅಮ್ಮಾರೆ, ನಾನು ತಿಪ್ಪೇ...”

“ಗೊತ್ತು ಬಿಡ್ರೀ” ಎಂದಿತು ಅತ್ತೆಯ ದನಿ. “ಅದೇನು ಇನ್ನೂ ಹಲಗೆ ಮೇಲೆ ನಡೆದಂಗೆ ನಡೀತೀರ? ನೆಲ ಗಟ್ಟಿ ಇದೆ, ಕಾಲು ಊರಿ.”

ಬೀದಿಯಲ್ಲಿ ಯಾರೋ ಶಿಳ್ಳೆ ಹೊಡೆದರು. ಬಾಗಿಲು ತೆರೆಯಿತು. ಅತ್ತೆ ಗುಂಪನ್ನೆಲ್ಲ ಒಂದು ಸಲ ಗದರುವ ಹಾಗೆ ನೋಡಿ, ಜನರ ಮಧ್ಯೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದರು. ಕೈಯಲ್ಲಿ ಅದೇ ಬೋಗುಣಿ, ಮುಚ್ಚಳ ಬಿಸಿಯಾಗಿತ್ತು.

“ನಿನ್ನೆಯ ಉಪ್ಪಿಟ್ಟಿಗೆ” ಅಂದರು. “ಇದನ್ನ ಖಾಲಿ ತರಬೇಡ. ಆದ್ರೆ ದಯವಿಟ್ಟು ಉಪ್ಪಿಟ್ಟನ್ನೂ ತರಬೇಡ.”

ನಾನು ಬೋಗುಣಿ ಹಿಡಿದು ಮನೆಗೆ ಬಂದೆ. ಜಗಲಿಯ ಮೂರು ಕಲ್ಲುಗಳನ್ನು ಕಿತ್ತು, ತಣ್ಣಗಿದ್ದ ಅಡುಗೆಮನೆಗೆ ಹೋಗಿ ದೊಡ್ಡ ಒಲೆ ಹಚ್ಚಿದೆ. ಬರುವಾಗ ಕಾಲಿಗೆ ಜಗಲಿಯ ಅಂಚಿನ ಆ ಇಟ್ಟಿಗೆ ತಗುಲಿತ್ತು. ಅದು ಅಲ್ಲಾಡಲಿಲ್ಲ. ಹಿಮ್ಮಡಿಯಿಂದ ಒಂಚೂರು ಸಡಿಲ ಮಾಡಿ ಬಂದೆ. ಇಬ್ಬರೂ ಬಂದು ನೋಡಲಿ.